ಹಲ್ಲಿನ ಡಿಜಿಟಲ್ ಎಕ್ಸ್‌ರೇಯಲ್ಲಿ ಶಾರ್ಪನ್ ಫಿಲ್ಟರ್ ಹಾಕಿದಾಗ ಮಾತ್ರ ಕಾಣುವ ಕಪ್ಪು ಗೆರೆಯನ್ನು ಹುಳುಕೆಂದು ನಂಬಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಫಿಲ್ಮ್ ಬದಲು ಸೆನ್ಸರ್ ಬಳಸುವ ಡಿಜಿಟಲ್ ಎಕ್ಸ್‌ರೇ ಸಾಧನವಾದ ಆರ್‌ವಿಜಿಯಲ್ಲಿ ತೆಗೆದ ಒಂದು ದವಡೆಹಲ್ಲಿನ ಚಿತ್ರದಲ್ಲಿ ಲೋಹದ ಕ್ರೌನಿನ (ಹಲ್ಲಿನ ಮೇಲೆ ಕೂರಿಸುವ ಟೋಪಿಯ) ಅಂಚಿನ ಕೆಳಗೆ ಮೊದಲು ನಿಮಗೆ ಏನೂ ಕಾಣಲಿಲ್ಲ. ಸಾಫ್ಟ್‌ವೇರಿನಲ್ಲಿ ಶಾರ್ಪನ್ ಒತ್ತಿದೊಡನೆ ಅದೇ ಜಾಗದಲ್ಲಿ ಕಪ್ಪು ಗೆರೆಯೊಂದು ಎದ್ದು ಕಂಡಿತು. ಅದು ಕ್ರೌನಿನ ಅಡಿಯಲ್ಲಿ ಮತ್ತೆ ಶುರುವಾದ ಹುಳುಕೇ ಅಥವಾ ಫಿಲ್ಟರ್ ಹುಟ್ಟಿಸಿದ್ದೇ, ಮತ್ತು ಈ ಫಿಲ್ಟರ್‌ಗಳಿಂದ ರೋಗನಿರ್ಣಯಕ್ಕೆ ನಿಜವಾಗಿ ಸಹಾಯವಾಗುತ್ತದೆಯೇ ಎಂದು ಕೇಳಿದ್ದೀರಿ. ಬಾಯಿ ಮತ್ತು ದವಡೆಯ ಎಕ್ಸ್‌ರೇಗಳನ್ನು ಓದಿ ವರದಿ ಬರೆಯುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ. ಮೊದಲ ಪ್ರಶ್ನೆಗೆ ಉತ್ತರ ಇಷ್ಟು: ಆ ಗೆರೆಯ ಸುಳಿವು ಮೂಲಚಿತ್ರದಲ್ಲಿ ಮಸುಕಾಗಿಯಾದರೂ ಇಲ್ಲದಿದ್ದರೆ, ಬೇರೆ ಆಧಾರ ಸಿಗುವವರೆಗೆ ಅದನ್ನು ಹುಳುಕು ಎಂದು ಬರೆಯಬೇಡಿ.

ಕಾರಣ ತಿಳಿಯಬೇಕಾದರೆ ಸೆನ್ಸರ್ ದಾಖಲಿಸುವುದೇನು ಎಂಬುದನ್ನು ನೋಡಬೇಕು. ಪ್ರತಿಯೊಂದು ಪಿಕ್ಸೆಲ್‌ನಲ್ಲಿರುವುದು ಒಂದು ಸಂಖ್ಯೆ. ಹಲ್ಲು, ಮೂಳೆ, ಲೋಹ ಇವುಗಳನ್ನು ದಾಟಿ ಆ ಬಿಂದುವಿಗೆ ಎಷ್ಟು ಕಿರಣ ತಲುಪಿತು ಎಂಬುದನ್ನು ಬಿಟ್ಟು ಆ ಸಂಖ್ಯೆ ಬೇರೇನನ್ನೂ ಹೇಳುವುದಿಲ್ಲ. ಫ್ರಾನ್ಸಿನ ದಂತವೈದ್ಯ ಫ್ರಾನ್ಸಿಸ್ ಮೂಯೆನ್ ರೂಪಿಸಿದ ಆರ್‌ವಿಜಿ 1987ರಲ್ಲಿ ಬಳಕೆಗೆ ಬಂದಾಗಿನಿಂದ ಇಂದಿನ ಸಿಮಾಸ್ (CMOS) ಚಿಪ್‌ನ ಸೆನ್ಸರ್‌ಗಳವರೆಗೂ ಈ ಮೂಲ ಸಂಗತಿ ಬದಲಾಗಿಲ್ಲ. ಫಿಲ್ಟರ್ ಎಂದರೆ ಈ ಸಂಖ್ಯೆಗಳ ಮೇಲೆ ನಡೆಸುವ ಲೆಕ್ಕ. ಲೆಕ್ಕವು ಇರುವ ಮಾಹಿತಿಯನ್ನು ಕಣ್ಣಿಗೆ ಎಟುಕುವಂತೆ ಮರುಜೋಡಿಸಬಲ್ಲದು, ಕೆಲವನ್ನು ಅಳಿಸಬಲ್ಲದು, ಇಲ್ಲದ್ದನ್ನು ಇದ್ದಂತೆ ತೋರಿಸಬಲ್ಲದು. ಆದರೆ ಸೆನ್ಸರ್‌ಗೆ ತಲುಪದೇ ಹೋದ ಮಾಹಿತಿಯನ್ನು ಅದು ಎಲ್ಲಿಂದಲೂ ತರಲಾರದು. ಹುಳುಕಿನ ವಿಷಯದಲ್ಲಂತೂ ಇದು ಬಹಳ ಮುಖ್ಯ. ಪಠ್ಯಗಳಲ್ಲಿ ಸಾಮಾನ್ಯವಾಗಿ ಹೇಳುವಂತೆ ಖನಿಜಾಂಶದಲ್ಲಿ ಸುಮಾರು ಶೇ. 30ರಿಂದ 40ರಷ್ಟು ನಷ್ಟವಾದ ಮೇಲೆಯೇ ಅದು ಎಕ್ಸ್‌ರೇಯಲ್ಲಿ ಕಪ್ಪಾಗಿ ತೋರುತ್ತದೆ. ಅದಕ್ಕೂ ಮುಂಚಿನ ಎನಾಮೆಲ್ (ಹಲ್ಲಿನ ಗಟ್ಟಿ ಹೊರಪದರ) ಬದಲಾವಣೆಯನ್ನು ಅದರ ಹಿಂದೆ ಮುಂದೆ ಇರುವ ಗಟ್ಟಿ ಎನಾಮೆಲ್‌ನ ನೆರಳೇ ಮುಚ್ಚಿಬಿಟ್ಟಿರುತ್ತದೆ. ಯಾವ ಶಾರ್ಪನ್ ಗುಂಡಿಯೂ ಆ ಮುಸುಕನ್ನು ಸರಿಸುವುದಿಲ್ಲ.

ಹಾಗೆಂದು ಎಲ್ಲ ಸಂಸ್ಕರಣೆಯನ್ನೂ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಬ್ರೈಟ್‌ನೆಸ್ ಮತ್ತು ಕಾಂಟ್ರಾಸ್ಟ್ ಹೊಂದಿಸುವ ಸರಳ ಕೆಲಸವನ್ನು ನಾನು ಪ್ರತಿ ಚಿತ್ರದಲ್ಲೂ ಮಾಡುತ್ತೇನೆ, ಮತ್ತು ಅದರಿಂದ ದೊರೆಯುವ ಲಾಭ ಉಳಿದ ಆಕರ್ಷಕ ಗುಂಡಿಗಳೆಲ್ಲ ಸೇರಿದರೂ ದೊರೆಯದು ಎಂಬುದು ನನ್ನ ಅಭಿಪ್ರಾಯ. 12 ಬಿಟ್ ಸೆನ್ಸರ್ 4096 ಮಟ್ಟದ ಬೂದು ಛಾಯೆಗಳನ್ನು ದಾಖಲಿಸುತ್ತದೆ. ಸಾಮಾನ್ಯ ಮಾನಿಟರ್ ತೋರಿಸುವುದು 256 ಮಟ್ಟಗಳನ್ನು ಮಾತ್ರ. ಅಂದರೆ ಇಡೀ ಶ್ರೇಣಿಯನ್ನು ಒಮ್ಮೆಗೇ ಪರದೆಗೆ ತಂದಾಗ ಸೆನ್ಸರ್‌ನ ಹದಿನಾರು ಬೇರೆ ಬೇರೆ ಮಟ್ಟಗಳು ಒಂದೇ ಛಾಯೆಯಾಗಿಬಿಡುತ್ತವೆ. ಎನಾಮೆಲ್‌ನ ಒಳಗಿನ ಪದರವಾದ ಡೆಂಟಿನ್‌ಗೆ ಸಂಬಂಧಿಸಿದ ಸಂಖ್ಯೆಗಳು, ಉದಾಹರಣೆಗೆ, 1500ರಿಂದ 2000ದ ನಡುವೆ ಇದ್ದರೆ, ಆ ಭಾಗವನ್ನಷ್ಟೇ ಪರದೆಯ 256 ಮಟ್ಟಗಳಿಗೂ ಹರಡಿದಾಗ ಅಲ್ಲಿ ಅಡಗಿದ್ದ ಸೂಕ್ಷ್ಮ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಇಲ್ಲಿ ಯಾವ ಪಿಕ್ಸೆಲ್ ಕೂಡ ತನ್ನ ನೆರೆಯ ಪಿಕ್ಸೆಲ್‌ನಿಂದ ಏನನ್ನೂ ಪಡೆದಿಲ್ಲ, ಹೆಚ್ಚು ಕಡಿಮೆಗಳ ಕ್ರಮವೂ ಬದಲಾಗಿಲ್ಲ. ಆದ್ದರಿಂದ ಹೊಸ ಅಂಚು ಹುಟ್ಟುವ ಭಯವೂ ಇಲ್ಲ. ನಿಮ್ಮ ಕ್ರೌನಿನ ಚಿತ್ರದಲ್ಲಿ ಶಾರ್ಪನ್‌ಗಿಂತ ಮೊದಲು ಮಾಡಬೇಕಾಗಿದ್ದದ್ದು ಇದನ್ನೇ.

ಶಾರ್ಪನ್ ಮಾಡುವ ಕೆಲಸದ ಸ್ವಭಾವ ಬೇರೆ. ಅದು ಪ್ರತಿ ಪಿಕ್ಸೆಲನ್ನೂ ಅದರ ನೆರೆಯವುಗಳೊಡನೆ ಹೋಲಿಸಿ, ಇರುವ ವ್ಯತ್ಯಾಸವನ್ನು ಹಿಗ್ಗಿಸುತ್ತದೆ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಇರುವುದು ಅನ್‌ಶಾರ್ಪ್ ಮಾಸ್ಕ್ ಎಂಬ ವಿಧಾನ ಅಥವಾ ಅದರ ಯಾವುದೋ ರೂಪ. ಕಂಪ್ಯೂಟರ್‌ಗಿಂತಲೂ ಹಳೆಯದಾದ ಈ ವಿಧಾನ ಮೊದಲು ಫೋಟೊಗ್ರಫಿಯ ಕತ್ತಲೆಕೋಣೆಯಲ್ಲಿ ಬಳಕೆಯಲ್ಲಿತ್ತು. ಚಿತ್ರದ ಮಸುಕಾದ ಪ್ರತಿಯೊಂದನ್ನು ಮಾಡಿಕೊಂಡು, ಮೂಲದಿಂದ ಆ ಮಸುಕನ್ನು ಕಳೆದು, ಉಳಿದ ವ್ಯತ್ಯಾಸವನ್ನು ಮತ್ತೆ ಮೂಲಕ್ಕೆ ಕೂಡಿಸಲಾಗುತ್ತದೆ. ನಿಮ್ಮ ಕಪ್ಪು ಗೆರೆ ಎಲ್ಲಿಂದ ಬಂದಿರಬಹುದು ಎಂಬುದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಪರದೆಯಲ್ಲಿ ಬೆಲೆ ಹೆಚ್ಚಿದಷ್ಟೂ ಬಿಳಿ, ಕಡಿಮೆಯಾದಷ್ಟೂ ಕಪ್ಪು; ಡೆಂಟಿನ್‌ನ ಬೂದು ಬೆಲೆ 100, ಲೋಹದ ಬೆಲೆ 200 ಎಂದಿಟ್ಟುಕೊಳ್ಳಿ. ಅಂಚನ್ನು ದಾಟುವ ಒಂದು ಸಾಲಿನಲ್ಲಿ 100, 100, 100, 200, 200, 200 ಎಂಬ ಸಂಖ್ಯೆಗಳಿವೆ. ಅಂದರೆ ಅಂಚಿನ ಆಚೆ ಈಚೆ ಹುಳುಕಿನ ಕುರುಹೇ ಇಲ್ಲ. ಈಗ ಪಕ್ಕಪಕ್ಕದ ಮೂರು ಪಿಕ್ಸೆಲ್‌ಗಳ ಸರಾಸರಿಯನ್ನು ಮಸುಕು ಪ್ರತಿಯೆಂದು ತೆಗೆದುಕೊಳ್ಳೋಣ. ಲೋಹಕ್ಕೆ ಅಂಟಿಕೊಂಡಿರುವ ಡೆಂಟಿನ್ ಪಿಕ್ಸೆಲ್‌ನಲ್ಲಿ ಸರಾಸರಿ ಸುಮಾರು 133. ಮೂಲ ಬೆಲೆ ಅದಕ್ಕಿಂತ 33 ಕಡಿಮೆ. ಆ ವ್ಯತ್ಯಾಸವನ್ನು ಮೂಲಕ್ಕೆ ಸೇರಿಸಿದಾಗ 100 ಇದ್ದದ್ದು 67 ಆಗುತ್ತದೆ. ಆಚೆ ಬದಿಯ ಲೋಹದ ಪಿಕ್ಸೆಲ್ 200ರಿಂದ 233ಕ್ಕೆ ಏರುತ್ತದೆ. ಹೊಸ ಸಾಲು 100, 100, 67, 233, 200, 200. ಸುತ್ತಲಿನ ಡೆಂಟಿನ್‌ಗಿಂತ ಗಣನೀಯವಾಗಿ ಕಪ್ಪಾದ ಒಂದು ಪಟ್ಟಿ ಲೋಹದ ಅಡಿಯಲ್ಲೇ, ಮರುಹುಳುಕು ಬರುವ ಜಾಗದಲ್ಲೇ, ಸಿದ್ಧವಾಯಿತು.

ನಿಜವಾದ ಚಿತ್ರದಲ್ಲಿ ಲೋಹ ಮತ್ತು ಡೆಂಟಿನ್‌ಗಳ ಅಂತರ ಇದಕ್ಕಿಂತ ಹೆಚ್ಚಿರುತ್ತದೆ, ಫಿಲ್ಟರ್‌ನ ತ್ರಿಜ್ಯವೂ (ಎಷ್ಟು ದೂರದ ನೆರೆಯ ಪಿಕ್ಸೆಲ್‌ಗಳವರೆಗೆ ಅದು ಹೋಲಿಸುತ್ತದೆ ಎಂಬುದು) ದೊಡ್ಡದಿರಬಹುದು. ತ್ರಿಜ್ಯ ದೊಡ್ಡದಾದಷ್ಟೂ ಕಪ್ಪು ಪಟ್ಟಿ ಅಗಲವಾಗುತ್ತದೆ. ಪಿಕ್ಸೆಲ್‌ನ ಗಾತ್ರ 20 ಮೈಕ್ರೋಮೀಟರ್ ಇದ್ದು ತ್ರಿಜ್ಯ 10 ಪಿಕ್ಸೆಲ್ ಇದ್ದರೆ ಪಟ್ಟಿಯ ಅಗಲ ಸುಮಾರು 0.2 ಮಿಲಿಮೀಟರ್ ಆಗುತ್ತದೆ. ಈ ಅಳತೆ ಎಲ್ಲಿ ತೊಡಕು ತರುತ್ತದೆ ಎಂಬುದನ್ನು ಗಮನಿಸಿ: ಹಲ್ಲಿನ ಬೇರಿನ ಸುತ್ತ ಇದ್ದು ಅದನ್ನು ಮೂಳೆಗೆ ಹಿಡಿದಿಡುವ, ಎಕ್ಸ್‌ರೇಯಲ್ಲಿ ಕಪ್ಪು ಗೆರೆಯಾಗಿ ಕಾಣುವ ಪೆರಿಯೊಡಾಂಟಲ್ ಲಿಗಮೆಂಟ್ ಜಾಗದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದಲೇ ಮೂಳೆಗೆ ಚೆನ್ನಾಗಿ ಬೆಸೆದುಕೊಂಡಿರುವ ಟೈಟೇನಿಯಂ ಇಂಪ್ಲಾಂಟ್‌ನ (ಕೃತಕ ಬೇರಿನ) ಸುತ್ತಲೂ, ಶಾರ್ಪನ್ ಮಾಡಿದ ಚಿತ್ರದಲ್ಲಿ, ತೆಳುವಾದ ಕಪ್ಪು ಗೆರೆ ಹಬ್ಬಿಕೊಂಡು, ಇಂಪ್ಲಾಂಟ್ ಬೆಸೆಯಲಿಲ್ಲವೇನೋ ಎಂಬ ಅನುಮಾನ ಹುಟ್ಟುವುದುಂಟು. ರೇಡಿಯಾಲಜಿಯಲ್ಲಿ ಇದಕ್ಕೆ ಊಬರ್‌ಶ್ವಿಂಗರ್ ಆರ್ಟಿಫ್ಯಾಕ್ಟ್ ಎಂದೇ ಹೆಸರಿದೆ. ಕೃತಕ ಕೀಲುಗಳ ಎಕ್ಸ್‌ರೇಗಳಲ್ಲೂ ಲೋಹದ ಸುತ್ತ ಇದೇ ತೊಂದರೆ ಕಾಣುತ್ತದೆ. ಅಲುಗಾಟವಿಲ್ಲ, ನೋವಿಲ್ಲ, ಒಸಡು ಆರೋಗ್ಯವಾಗಿದೆ, ಆದರೂ ಚಿತ್ರದಲ್ಲಿ ಗೆರೆ ಇದೆಯಲ್ಲ ಎಂಬ ಟಿಪ್ಪಣಿಯೊಡನೆ ಅಭಿಪ್ರಾಯಕ್ಕಾಗಿ ನನ್ನ ಮೇಜಿಗೆ ಬರುವ ಚಿತ್ರಗಳಲ್ಲಿ ನಾನು ಮೊದಲು ಕೇಳುವುದು ಸಂಸ್ಕರಿಸದ ಫೈಲನ್ನು.

ಇದರೊಡನೆ ಇನ್ನೊಂದು ಭ್ರಮೆಯನ್ನೂ ಬೇರ್ಪಡಿಸಿ ನೋಡಬೇಕು. ಬಿಳಿಯ ಪಕ್ಕದ ಬೂದು ಅಂಚಿನ ಬಳಿ ಇನ್ನಷ್ಟು ಕಪ್ಪಾಗಿ ಕಾಣುವುದು ನಮ್ಮ ಕಣ್ಣಿನದೇ ಗುಣ. ಭೌತವಿಜ್ಞಾನಿ ಎರ್ನ್ಸ್ಟ್ ಮ್ಯಾಕ್ 1865ರಲ್ಲಿ ವಿವರಿಸಿದ ಈ ಪಟ್ಟಿಗಳು ಫಿಲ್ಮ್ ಕಾಲದಿಂದಲೂ ಎನಾಮೆಲ್ ಮತ್ತು ಡೆಂಟಿನ್ ಸೇರುವಲ್ಲಿ, ಫಿಲ್ಲಿಂಗ್‌ಗಳ ಅಡಿಯಲ್ಲಿ ಓದುಗರನ್ನು ಗೊಂದಲಕ್ಕೆ ಈಡುಮಾಡಿವೆ. ಇವೆರಡನ್ನು ಬೇರ್ಪಡಿಸುವ ಉಪಾಯ ಸುಲಭ. ಲೋಹದ ಬಿಳಿ ಭಾಗವನ್ನು ಪರದೆಯ ಮೇಲೆ ಒಂದು ಕಾಗದದ ಚೂರಿನಿಂದ ಮುಚ್ಚಿರಿ. ಕಪ್ಪು ಗೆರೆ ಮಾಯವಾದರೆ ಅದು ಕಣ್ಣಿನ ಮಾಯೆ. ಮುಚ್ಚಿದ ಮೇಲೂ ಉಳಿದರೆ ಅದು ಪಿಕ್ಸೆಲ್‌ನಲ್ಲೇ ಇದೆ. ಆದರೆ ಪಿಕ್ಸೆಲ್‌ಗೆ ಅದು ಹಲ್ಲಿನಿಂದ ಬಂದಿತೇ ಫಿಲ್ಟರ್‌ನಿಂದ ಬಂದಿತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹಲ್ಲಿನ ಕುತ್ತಿಗೆಯ ಬಳಿ ಎನಾಮೆಲ್ ಮುಗಿದು ಮೂಳೆ ಇನ್ನೂ ಶುರುವಾಗದಿರುವಲ್ಲಿ ಸಹಜವಾಗಿಯೇ ಕಾಣುವ ಕಪ್ಪು ಛಾಯೆಯಾದ ಸರ್ವೈಕಲ್ ಬರ್ನ್‌ಔಟ್‌ಗೂ ಇದೇ ಮಾತು ಸಲ್ಲುತ್ತದೆ. ಶಾರ್ಪನ್ ಅದರ ಮಸುಕು ಅಂಚಿಗೆ ಗಡಿರೇಖೆ ಎಳೆದು, ನಿಜವಾದ ಬೇರುಹುಳುಕಿನಂತೆ ಕಾಣಿಸಿಬಿಡುತ್ತದೆ.

ನಾಯ್ಸ್ ಕಡಿಮೆ ಮಾಡುವ ಫಿಲ್ಟರ್‌ಗಳು ಇದಕ್ಕೆ ವಿರುದ್ಧ ದಿಕ್ಕಿನವು. ಎಕ್ಸ್‌ರೇ ಕಿರಣಗಳು ಸೆನ್ಸರ್‌ಗೆ ತಲುಪುವುದರಲ್ಲಿ ಸಹಜವಾದ ಏರುಪೇರು ಇದ್ದೇ ಇರುತ್ತದೆ, ಮತ್ತು ಅದು ತಲುಪಿದ ಕಣಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ಒಂದು ಪಿಕ್ಸೆಲ್‌ಗೆ 10,000 ಫೋಟಾನ್‌ಗಳು ಬಂದರೆ ಏರುಪೇರು 100, ಅಂದರೆ ಶೇ. 1, ಡೋಸನ್ನು ಕಾಲುಭಾಗಕ್ಕೆ ಇಳಿಸಿ 2,500 ಬಂದರೆ ಏರುಪೇರು 50, ಅಂದರೆ ಶೇ. 2. ಹೀಗೆ ಮರಳುಮರಳಾಗಿ ಕಾಣುವ ಚಿತ್ರಕ್ಕೆ ಮೀಡಿಯನ್ ಫಿಲ್ಟರ್ ಹಾಕಿದರೆ ನೋಡಲು ನಯವಾಗುತ್ತದೆ. ಆದರೆ ಒಂಬತ್ತು ಪಿಕ್ಸೆಲ್‌ಗಳ ಚೌಕದಲ್ಲಿ ನಡುಬೆಲೆಯನ್ನು ಆರಿಸುವ ಮೀಡಿಯನ್ ಫಿಲ್ಟರ್, ಒಂದೇ ಪಿಕ್ಸೆಲ್ ಅಗಲದ ಗೆರೆಯನ್ನು ಸಂಪೂರ್ಣವಾಗಿ ನುಂಗಿಬಿಡುತ್ತದೆ. ಏಕೆಂದರೆ ಆ ಚೌಕದಲ್ಲಿ ಗೆರೆಗೆ ಸೇರಿದವು ಮೂರೇ ಪಿಕ್ಸೆಲ್‌ಗಳು, ಉಳಿದ ಆರು ಹಿನ್ನೆಲೆಗೆ ಸೇರಿದವು. ರೂಟ್ ಕೆನಾಲ್ ಮಾಡುವವರಿಗೆ ಇದರ ಅರ್ಥ ತಟ್ಟನೆ ತಿಳಿಯುತ್ತದೆ. ಬೇರಿನ ಒಳದಾರಿಗೆ ಇಳಿಸುವ ಸೂಜಿಯಂಥ ಉಪಕರಣಕ್ಕೆ ಫೈಲ್ ಎನ್ನುತ್ತಾರೆ; 8ನೇ ಸಂಖ್ಯೆಯ ಫೈಲಿನ ತುದಿಯ ವ್ಯಾಸ 0.08 ಮಿಲಿಮೀಟರ್. 20 ಮೈಕ್ರೋಮೀಟರ್ ಪಿಕ್ಸೆಲ್‌ನ ಸೆನ್ಸರ್‌ನಲ್ಲಿ ಅದು ನಾಲ್ಕು ಪಿಕ್ಸೆಲ್. 60 ಮೈಕ್ರೋಮೀಟರ್‌ನಲ್ಲಿ ಸ್ಕ್ಯಾನ್ ಮಾಡಿದ ಫಾಸ್ಫರ್ ಪ್ಲೇಟಿನಲ್ಲಿ (ಕಿರಣ ಬಿದ್ದ ಮೇಲೆ ಸ್ಕ್ಯಾನರ್ ಓದುವ ಫಲಕದಲ್ಲಿ) ಒಂದು ಪಿಕ್ಸೆಲ್‌ಗಿಂತ ತುಸು ಹೆಚ್ಚು. ಅಂಥ ಚಿತ್ರವನ್ನು ನಯಗೊಳಿಸಿದರೆ ಫೈಲಿನ ತುದಿ ಬೇರಿನ ತುದಿಗಿಂತ ಮೊದಲೇ ಮುಗಿದಂತೆ ತೋರಿ, ಉದ್ದದ ಲೆಕ್ಕವೇ ತಪ್ಪಬಹುದು. ವರ್ಕಿಂಗ್ ಲೆಂಗ್ತ್ (ಫೈಲನ್ನು ಎಷ್ಟು ಉದ್ದ ಇಳಿಸಬೇಕು ಎಂಬುದು) ನೋಡುವ ಚಿತ್ರದಲ್ಲಿ 15ನೇ ಸಂಖ್ಯೆಯ ಫೈಲ್ ಬಳಸುವುದು, ಬೇರಿನ ತುದಿಯನ್ನು ವಿದ್ಯುತ್ತಿನಿಂದ ಗುರುತಿಸುವ ಅಪೆಕ್ಸ್ ಲೊಕೇಟರ್‌ನ ಅಳತೆಯನ್ನು ಜೊತೆಗಿಟ್ಟುಕೊಳ್ಳುವುದು ಯಾವ ಫಿಲ್ಟರ್‌ಗಿಂತಲೂ ಭರವಸೆಯ ದಾರಿ. ಸಣ್ಣ ಬೇರುಬಿರುಕು, ಬೇರಿನ ಸುತ್ತಲಿನ ಮೂಳೆಯ ತೆಳು ಬಿಳಿಗೆರೆಯಾದ ಲಾಮಿನಾ ಡ್ಯೂರಾ, ಮೂಳೆಯ ಜಾಲರಿ ಇವುಗಳೂ ನಯಗೊಳಿಸುವಿಕೆಗೆ ಬೇಗ ಬಲಿಯಾಗುತ್ತವೆ.

ಬೂದು ಮಟ್ಟಗಳನ್ನು ಇಡೀ ಶ್ರೇಣಿಗೆ ಹರಡುವ ಹಿಸ್ಟೋಗ್ರಾಮ್ ಈಕ್ವಲೈಸೇಶನ್ ಮತ್ತು ಅದರ ಸ್ಥಳೀಯ ರೂಪವಾದ ಕ್ಲಾಹೆ (CLAHE) ಬಗ್ಗೆಯೂ ನೀವು ಕೇಳಿದ್ದೀರಿ. ಸ್ಥಳೀಯ ರೂಪವು ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ತೆಗೆದುಕೊಂಡು ಪ್ರತಿಯೊಂದರೊಳಗೂ ಕಾಂಟ್ರಾಸ್ಟನ್ನು ಹಿಗ್ಗಿಸುವುದರಿಂದ, ಕತ್ತಲಾದ ಮೂಲೆಯೂ ಬೆಳಕಾದ ಮೂಲೆಯೂ ಏಕಕಾಲಕ್ಕೆ ಕಾಣುತ್ತವೆ. ಇಡೀ ದವಡೆಯನ್ನು ಒಮ್ಮೆಗೇ ತೋರಿಸುವ ಪನೋರಮಿಕ್ ಚಿತ್ರಗಳಲ್ಲಿ ಇದು ಕಣ್ಣಿಗೆ ಹಿತವೇ. ಆದರೆ ಇದಕ್ಕೆ ತೆರುವ ಬೆಲೆಯಿದೆ. ಒಂದೇ ಸಾಂದ್ರತೆಯ ಮೂಳೆ ಎರಡು ಜಾಗಗಳಲ್ಲಿ ಎರಡು ಛಾಯೆ ತಳೆಯುತ್ತದೆ. ಹಾಗಾಗಿ ಎಡಕ್ಕೂ ಬಲಕ್ಕೂ ಹೋಲಿಸಿ ಇಲ್ಲಿ ಮೂಳೆ ತೆಳುವಾಗಿದೆ ಎಂದು ಹೇಳುವ ಹಕ್ಕನ್ನು ನಾವು ಕಳೆದುಕೊಳ್ಳುತ್ತೇವೆ. ಇನ್ನು ಇನ್ವರ್ಟ್, ಎಂಬೋಸ್, ಬಣ್ಣ ತುಂಬುವುದು: ಕಪ್ಪು ಬಿಳಿಯನ್ನು ಅದಲುಬದಲು ಮಾಡುವ ಇನ್ವರ್ಟ್ ನಿರುಪದ್ರವಿ, ಕೆಲವರ ಕಣ್ಣಿಗೆ ಒಗ್ಗುತ್ತದೆ. ಅಂಚುಗಳನ್ನು ಉಬ್ಬಿದಂತೆ ತೋರಿಸುವ ಎಂಬೋಸ್ ಮೂರು ಆಯಾಮದಂತೆ ತೋರಿದರೂ ಅದರಲ್ಲಿ ಆಳದ ಮಾಹಿತಿ ಒಂದಿಷ್ಟೂ ಇಲ್ಲ. ಬಣ್ಣವು ನಿಧಾನವಾಗಿ ಬದಲಾಗುವ ಛಾಯೆಯನ್ನು ಥಟ್ಟನೆ ಬದಲಾದಂತೆ ತೋರಿಸುತ್ತದೆ. ಇವನ್ನು ರೋಗಿಗೆ ವಿವರಿಸುವಾಗ ಬೇಕಾದರೆ ಬಳಸಿ, ವರದಿಗೆ ಬೇಡ.

ಫಿಲ್ಟರ್‌ಗಳಿಂದ ಹುಳುಕಿನ ಪತ್ತೆ ಸುಧಾರಿಸುತ್ತದೆಯೇ ಎಂಬ ಬಗ್ಗೆ ನಡೆದಿರುವ ಅಧ್ಯಯನಗಳ ಫಲಿತಾಂಶ ಒಂದೇ ಬಗೆಯಾಗಿಲ್ಲ. ಕೆಲವು ಫಿಲ್ಟರ್‌ಗಳು ಕೆಲವು ಕೆಲಸಗಳಿಗೆ ತುಸು ನೆರವಾಗಿವೆ, ಹಲವು ಸಂದರ್ಭಗಳಲ್ಲಿ ಮೂಲಚಿತ್ರಕ್ಕಿಂತ ಗಮನಾರ್ಹ ವ್ಯತ್ಯಾಸ ಕಂಡಿಲ್ಲ. ಅಂಚುಗಳನ್ನು ಎತ್ತಿ ತೋರಿಸುವ ಫಿಲ್ಟರ್‌ನಿಂದ ನಿಜವಾದ ಹುಳುಕುಗಳು ಇನ್ನಷ್ಟು ಪತ್ತೆಯಾದರೂ, ಅದರ ಜೊತೆಗೇ ಆರೋಗ್ಯವಂತ ಹಲ್ಲನ್ನು ಹುಳುಕೆಂದು ಗುರುತಿಸುವ ಸಾಧ್ಯತೆಯೂ ಹೆಚ್ಚುತ್ತದೆ. ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ ಎಂಬುದು ನನ್ನ ನಿಲುವು. ಎನಾಮೆಲ್‌ನ ಆರಂಭಿಕ ಹುಳುಕು ಸಾಮಾನ್ಯವಾಗಿ ನಿಧಾನವಾಗಿ ಸಾಗುತ್ತದೆ; ಇಂದು ತಪ್ಪಿದ್ದು ಮುಂದಿನ ಬೈಟ್‌ವಿಂಗ್‌ನಲ್ಲಿ (ಹಲ್ಲು ಕಚ್ಚಿಸಿ ತೆಗೆಯುವ ಎಕ್ಸ್‌ರೇಯಲ್ಲಿ) ಸಿಗಬಹುದು, ನಡುವೆ ಫ್ಲೋರೈಡ್‌ನಿಂದ ಅದನ್ನು ತಡೆಯಲೂಬಹುದು. ಸುಳ್ಳು ನೆರಳನ್ನು ನಂಬಿ ಡ್ರಿಲ್ ಮಾಡಿದ ಹಲ್ಲಾಗಲಿ, ಕತ್ತರಿಸಿ ತೆಗೆದ ಕ್ರೌನಾಗಲಿ ಹಿಂದಿನಂತಾಗುವುದಿಲ್ಲ.

ನೀವು ಮೂಲಚಿತ್ರ ಎಂದು ಕರೆಯುತ್ತಿರುವುದು ನಿಜವಾಗಿ ಮೂಲವೇ ಎಂಬುದನ್ನೂ ಪರಿಶೀಲಿಸಿ. ಅನೇಕ ಸಾಫ್ಟ್‌ವೇರ್‌ಗಳು ಚಿತ್ರ ಪರದೆಗೆ ಬರುವ ಮುನ್ನವೇ ಶಾರ್ಪನ್ ಮತ್ತು ನಾಯ್ಸ್ ಫಿಲ್ಟರ್‌ಗಳನ್ನು ತಾವಾಗಿಯೇ ಹಾಕಿರುತ್ತವೆ. ಪೆರಿಯೊ (ಒಸಡು), ಎಂಡೊ (ಬೇರು ಚಿಕಿತ್ಸೆ), ಕೇರೀಸ್ (ಹುಳುಕು) ಎಂಬ ಹೆಸರಿನ ಮೋಡ್‌ಗಳು ಇಂಥ ಲೆಕ್ಕಗಳ ಸಿದ್ಧ ಗುಚ್ಛಗಳು. ಸೆಟ್ಟಿಂಗ್ಸ್‌ನಲ್ಲಿ ಇವನ್ನು ಆಫ್ ಮಾಡಿ ಕಚ್ಚಾ ಚಿತ್ರ ನೋಡುವ ದಾರಿ ಇದ್ದರೆ ಒಮ್ಮೆಯಾದರೂ ನೋಡಿ. ತಾನಾಗಿಯೇ ಬ್ರೈಟ್‌ನೆಸ್ ಸರಿಪಡಿಸುವ ಸೌಲಭ್ಯಕ್ಕೆ ಇನ್ನೊಂದು ಮುಖವೂ ಇದೆ. ಫಾಸ್ಫರ್ ಪ್ಲೇಟಿಗೆ ಅಗತ್ಯಕ್ಕಿಂತ ಹೆಚ್ಚು ಡೋಸ್ ಕೊಟ್ಟರೂ ಚಿತ್ರ ಚೆನ್ನಾಗಿಯೇ, ನಾಯ್ಸ್ ಇಲ್ಲದೆ ಬರುವುದರಿಂದ, ಕ್ಲಿನಿಕ್‌ನಲ್ಲಿ ಎಕ್ಸ್‌ಪೋಷರ್ ಸದ್ದಿಲ್ಲದೆ ಏರುತ್ತಾ ಹೋಗುತ್ತದೆ. ಸಿಮಾಸ್ ಸೆನ್ಸರ್‌ನಲ್ಲಾದರೋ ಮಿತಿ ಮೀರಿದ ಪಿಕ್ಸೆಲ್‌ಗಳು ಗರಿಷ್ಠ ಬೆಲೆಗೆ ತಲುಪಿ ಅಲ್ಲೇ ನಿಂತುಬಿಡುತ್ತವೆ. ತೆಳುವಾದ ಮೂಳೆಯ ಅಂಚು ಹೀಗೆ ಸುಟ್ಟುಹೋದ ಮೇಲೆ ಬ್ರೈಟ್‌ನೆಸ್ ಗುಂಡಿ ತಿರುಗಿಸುವುದು ಬತ್ತಿದ ಬಾವಿಗೆ ಉದ್ದ ಹಗ್ಗ ಇಳಿಬಿಟ್ಟಂತೆ.

ಚಿತ್ರ ನಿಮ್ಮ ಕೈಗೆ ಬಂದ ದಾರಿಯೂ ಮುಖ್ಯ. ವಾಟ್ಸಾಪ್‌ನಲ್ಲಿ ಕಳಿಸಿದ ಎಕ್ಸ್‌ರೇ ಜೆಪೆಗ್ ಆಗಿ ಕುಗ್ಗಿರುತ್ತದೆ. ಜೆಪೆಗ್ ಚಿತ್ರವನ್ನು ಎಂಟು ಪಿಕ್ಸೆಲ್ ಉದ್ದ, ಎಂಟು ಪಿಕ್ಸೆಲ್ ಅಗಲದ ಚೌಕಗಳಾಗಿ ಒಡೆದು ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಅದರ ಮೇಲೆ ಶಾರ್ಪನ್ ಹಾಕಿದರೆ ಆ ಚೌಕಗಳ ಗಡಿಗಳೇ ಎದ್ದು ಕಾಣುತ್ತವೆ. ಅಭಿಪ್ರಾಯ ಕೇಳುವಾಗ ವೈದ್ಯಕೀಯ ಚಿತ್ರಗಳ ಪ್ರಮಾಣಿತ ರೂಪವಾದ ಡೈಕಾಮ್ ಫೈಲನ್ನೇ ಕಳಿಸಿ. ಹಾಗೆಯೇ ಕಿಟಕಿಯ ಬೆಳಕು ಮಾನಿಟರಿನ ಮೇಲೆ ಬೀಳುವ ಕೋಣೆಯಲ್ಲಿ ಕುಳಿತು ಕಾಂಟ್ರಾಸ್ಟ್ ಸಾಲದು ಎಂದು ಫಿಲ್ಟರ್ ಹುಡುಕುವವರನ್ನು ನಾನು ಬಹಳ ಕಂಡಿದ್ದೇನೆ. ಕಿಟಕಿಯ ಪರದೆ ಎಳೆದು ದೀಪ ಮಂದಗೊಳಿಸಿದರೆ ಹಲವು ಸಂದರ್ಭಗಳಲ್ಲಿ ಫಿಲ್ಟರ್‌ನ ಅಗತ್ಯವೇ ಬೀಳುವುದಿಲ್ಲ. ಮಾನಿಟರ್ ಪರೀಕ್ಷೆಗೆಂದೇ ಇರುವ ಎಸ್‌ಎಂಪಿಟಿಇ (SMPTE) ಪರೀಕ್ಷಾಚಿತ್ರ ತೆರೆದು, ಕಪ್ಪು ಚೌಕದೊಳಗಿನ ಶೇ. 5ರ ಚೌಕವೂ ಬಿಳಿ ಚೌಕದೊಳಗಿನ ಶೇ. 95ರ ಚೌಕವೂ ಬೇರೆಯಾಗಿ ಕಾಣುತ್ತವೆಯೇ ಎಂದು ನೋಡಿದರೆ ನಿಮ್ಮ ಮಾನಿಟರಿನ ಸ್ಥಿತಿ ತಿಳಿಯುತ್ತದೆ.

ಈಗ ನಿಮ್ಮ ರೋಗಿಯ ಚಿತ್ರಕ್ಕೆ ಬರೋಣ. ಫಿಲ್ಟರ್ ತೆಗೆದು, ಕ್ರೌನಿನ ಅಂಚಿನ ಕೆಳಗಿನ ಡೆಂಟಿನ್ ಚೆನ್ನಾಗಿ ಕಾಣುವಂತೆ ಕಾಂಟ್ರಾಸ್ಟ್ ಮಾತ್ರ ಹೊಂದಿಸಿ ಮತ್ತೆ ನೋಡಿ. ನಂತರ ಶಾರ್ಪನ್ ಹಾಕಿ, ಆ ಒಂದು ಜಾಗವನ್ನಲ್ಲದೆ ಲೋಹದ ಇಡೀ ಅಂಚನ್ನು ಸುತ್ತಿ ಬನ್ನಿ. ಕಪ್ಪು ಗೆರೆ ಕ್ರೌನಿನ ಉದ್ದಕ್ಕೂ ಒಂದೇ ಅಗಲದಲ್ಲಿ ಹರಿದಿದ್ದರೆ, ಪಕ್ಕದ ಹಲ್ಲಿನ ಲೋಹದ ಫಿಲ್ಲಿಂಗ್‌ನ ಸುತ್ತಲೂ ಅದೇ ಗೆರೆ ಕಂಡರೆ, ಅದು ಫಿಲ್ಟರ್‌ನದೇ. ಹುಳುಕು ಅಷ್ಟು ಶಿಸ್ತಿನಿಂದ ಅಂಚನ್ನು ಅನುಸರಿಸುವುದಿಲ್ಲ. ಅದು ಒಂದು ಕಡೆ ನೆಲೆನಿಂತು, ಒಳಗೆ ಡೆಂಟಿನ್‌ನತ್ತ ಅಂಕುಡೊಂಕಾಗಿ ಹರಡಿ, ಕ್ರಮೇಣ ಮಸುಕಾಗುತ್ತದೆ. ಶಾರ್ಪನ್‌ನ ಪ್ರಮಾಣ ಅಥವಾ ತ್ರಿಜ್ಯ ಬದಲಿಸುವ ಸೌಲಭ್ಯವಿದ್ದರೆ ಅದನ್ನೂ ಏರಿಸಿ ಇಳಿಸಿ ನೋಡಿ. ಅದರೊಡನೆ ಗೆರೆಯ ಅಗಲವೂ ಹಿಗ್ಗಿ ಕುಗ್ಗಿದರೆ ಉತ್ತರ ಸಿಕ್ಕಂತೆಯೇ. ಆಮೇಲೆ ಬಾಯಿಗೆ ಹಿಂದಿರುಗಿ: ಒಸಡನ್ನು ಒಣಗಿಸಿ, ಒಳ್ಳೆಯ ಬೆಳಕಿನಲ್ಲಿ, ಅಂಚಿನಲ್ಲಿ ಸಂದಿಯಿದೆಯೇ, ಡೆಂಟಿನ್ ಮೆತ್ತಗಾಗಿದೆಯೇ ಎಂದು ಎಕ್ಸ್‌ಪ್ಲೋರರ್ ಎಂಬ ಮೊನೆಯ ಸಲಕರಣೆಯಿಂದ ಒತ್ತಡ ಹಾಕದೆ ಪರೀಕ್ಷಿಸಿ. ಈಗಿರುವುದು ಪೆರಿಅಪಿಕಲ್ ಚಿತ್ರವಾಗಿದ್ದು (ಬೇರಿನ ತುದಿಯವರೆಗೂ ಹಲ್ಲನ್ನು ತೋರಿಸುವ ಚಿತ್ರ) ಸಂಶಯಕ್ಕೆ ಕಾರಣ ಉಳಿದಿದ್ದರೆ ಒಂದು ಬೈಟ್‌ವಿಂಗ್ ಸಮರ್ಥನೀಯ. ಕಿರಣ ಅಂಚಿಗೆ ನೇರವಾಗಿ ಬೀಳುವುದರಿಂದ ಲೋಹದ ನೆರಳು ಡೆಂಟಿನ್ ಮೇಲೆ ಹಾಯುವುದು ಕಡಿಮೆಯಾಗುತ್ತದೆ.

ಬಾಯಲ್ಲೂ ಬೈಟ್‌ವಿಂಗ್‌ನಲ್ಲೂ ಏನೂ ಸಿಗದಿದ್ದರೆ ಕ್ರೌನನ್ನು ಮುಟ್ಟದೆ ಗಮನದಲ್ಲಿಡಿ. ಮುಂದಿನ ತಪಾಸಣೆಯಲ್ಲಿ ಅದೇ ಹೋಲ್ಡರ್, ಅದೇ ಎಕ್ಸ್‌ಪೋಷರ್, ಸಾಫ್ಟ್‌ವೇರಿನ ಅದೇ ಮೋಡ್ ಬಳಸಿ ಚಿತ್ರ ತೆಗೆಯಿರಿ. ಇದಕ್ಕಾಗಿ ಇಂದೇ ಕೇಸ್ ಶೀಟಿನಲ್ಲಿ ಆ ವಿವರಗಳನ್ನು ಬರೆದಿಟ್ಟು, ಸಂಸ್ಕರಿಸದ ಫೈಲನ್ನು ಅಳಿಸದೆ ಉಳಿಸಿ. ನಡುವೆ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಡೀಫಾಲ್ಟ್ ಫಿಲ್ಟರ್ ಬದಲಾಗಿದ್ದರೆ, ಹಳೆಯ ಚಿತ್ರದ ಕಚ್ಚಾ ಫೈಲನ್ನು ಹೊಸ ಸೆಟ್ಟಿಂಗ್‌ನಲ್ಲೇ ಮತ್ತೆ ತೆರೆದು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕಾಗುತ್ತದೆ.